ಬೀನ್ಸ್ ಡಬ್ಬಿಯೂ ಕಾಣಿಕೆಯೇ
ಅಮೆರಿಕದ ಚಿಕ್ಕ ಎಪಿಸ್ಕೋಪಲ್ (ಆಂಗ್ಲಿಕನ್ ಪಂಥದ) ಸಭೆಗಳಲ್ಲಿರುವ ನಮ್ಮವರಿಗೆ ಒಂದು ಮಾತು. ಮೂವತ್ತು ನಲವತ್ತು ಜನರ ಚರ್ಚಿನಲ್ಲಿ ಆರಾಧನೆ, ಒಡನಾಟ, ಸೇವೆ ಎಂದು ಮೂರು ಸಮಿತಿ ಮಾಡಬೇಡಿ. ಪೀಠಕ್ಕೆ ಹೂ ಜೋಡಿಸುವವರೇ ಕಾಫಿ ಕಾಯಿಸುತ್ತಾರೆ, ಅವರೇ ಶನಿವಾರ ಇಲ್ಲದವರಿಗೆ ದಿನಸಿ ಹಂಚುತ್ತಾರೆ. ಈಸ್ಟರ್ ಹೊತ್ತಿಗೆ ಸುಸ್ತಾಗಿರುತ್ತಾರೆ. ಮೂರನ್ನೂ ಒಟ್ಟಿಗೇ ಮಾಡಿ.

ನಮ್ಮ ಆರಾಧನೆಯ ಕ್ರಮವಿರುವ 1979ರ ಪ್ರಾರ್ಥನಾ ಪುಸ್ತಕದ ಪ್ರಕಾರ ಕಾಣಿಕೆಯ ವೇಳೆ ರೊಟ್ಟಿ, ದ್ರಾಕ್ಷಾರಸ, ಹಣದ ಜೊತೆ ಬೇರೆ ಕೊಡುಗೆಗಳನ್ನೂ ತರಬಹುದು. ಬೀನ್ಸ್ ಡಬ್ಬಿ, ಅಕ್ಕಿ ಪೊಟ್ಟಣಗಳ ಬುಟ್ಟಿ ಆಗಲೇ ಮುಂದಕ್ಕೆ ಬರಲಿ. ಆರಾಧನೆ ಮುಗಿದ ಮೇಲೆ ಕಾಫಿ ಕುಡಿಯುತ್ತಲೇ ಎಲ್ಲರೂ ಹಂಚುವ ದಿನಸಿಯ ಚೀಲ ತುಂಬಿಸಿ. ಕೈಗೆ ಕೆಲಸವಿದ್ದರೆ ಮಾತಾಡಲು ಸಂಕೋಚಪಡುವವರೂ ಬಾಯಿಬಿಡುತ್ತಾರೆ.

ಪಾದ್ರಿಗಳು ಊರಲ್ಲಿಲ್ಲದ ಭಾನುವಾರ ಪರದಾಡಬೇಡಿ. ಬೆಳಗಿನ ಪ್ರಾರ್ಥನೆಯನ್ನು ಸಭೆಯವರೇ ನಡೆಸಬಹುದು. ವೆಸ್ಟ್ರಿ (ಚರ್ಚಿನ ಆಡಳಿತ ಮಂಡಳಿ) ಮೀಟಿಂಗನ್ನು ಮಾತ್ರ ಭಾನುವಾರ ಇಡಬೇಡಿ, ದಯವಿಟ್ಟು.