ಬೇರಿಯಾಟ್ರಿಕ್ ಸರ್ಜರಿ ನಂತರ ಗಂಜಿ, ಮೀನು, ಚಿಪ್ಸ್

ತೂಕ ಇಳಿಸಲು ಹೊಟ್ಟೆಯನ್ನು ಚಿಕ್ಕದಾಗಿಸುವ ಈ ಸರ್ಜರಿಯಾಗಿ ಒಂದೂವರೆ-ಎರಡು ವರ್ಷ ಕಳೆದ ಮೇಲೆ ತೂಕ ಮೆಲ್ಲನೆ ಮರಳುವುದುಂಟು. ಕಾಸರಗೋಡಿನ ಮನೆಗಳಲ್ಲಿ ಮೊದಲು ನೋಡಬೇಕಾದ್ದು ಗಂಜಿಯ ಬಟ್ಟಲು. ತಿಳಿಯೊಂದಿಗೆ ಉಂಡ ಅನ್ನ ಚಿಕ್ಕದಾದ ಹೊಟ್ಟೆಯಲ್ಲಿ ನಿಲ್ಲದೆ ಬೇಗ ಜಾರುತ್ತದೆ. ಗಂಟೆಯೊಳಗೆ ಮತ್ತೆ ಹಸಿವು. ಆದ್ದರಿಂದ ತಿಳಿ ಬಸಿದುಬಿಡಿ. ಮೊದಲು ಬೂತಾಯಿ ಅಥವಾ ಬಂಗುಡೆ ಮೀನು ತಿನ್ನಿ, ಹುರಿದದ್ದಲ್ಲ, ಹುಳಿ-ಖಾರದ ಪುಳಿಮುಂಚಿ. ತೆಂಗಿನಕಾಯಿ ಅರೆದ ಗಸಿಯಾದರೆ ಮೀನಷ್ಟೇ ಸಾಕು. ಆಮೇಲೆ ಪಲ್ಯ, ಜಾಗ ಉಳಿದರೆ ಎರಡು ಚಮಚ ಕುಚ್ಚಿಲಕ್ಕಿ ಅನ್ನ. ಮೀನು ತಿನ್ನದವರಿಗೆ ಹುರುಳಿ, ಹೆಸರುಕಾಳು, ಮೊಸರು, ಪನೀರ್. ದಿನಕ್ಕೆ 60ರಿಂದ 80 ಗ್ರಾಂ ಪ್ರೋಟೀನ್ ಬೇಕು; ಒಂದು ಮೊಟ್ಟೆಯಲ್ಲಿರುವುದು ಸುಮಾರು 6 ಗ್ರಾಂ ಮಾತ್ರ.

ಊಟಕ್ಕೆ 20 ನಿಮಿಷ ಕೊಡಿ, ನೀರು ಅರ್ಧ ಗಂಟೆ ಬಿಟ್ಟು.

ನೇಂದ್ರ ಬಾಳೆಕಾಯಿ ಚಿಪ್ಸ್ ಅಪಾಯಕಾರಿ: ಬಾಯಲ್ಲೇ ಪುಡಿಯಾಗುವುದರಿಂದ ಹೊಟ್ಟೆ ತುಂಬಿದ್ದೇ ಗೊತ್ತಾಗದು. ಸಂಜೆಯ ಸಿಹಿ ಚಹಾ, ಶರಬತ್ತುಗಳೂ ಅದೇ ಜಾತಿ. ಹೊಟ್ಟೆಯ ಬೈಪಾಸ್ (ಗ್ಯಾಸ್ಟ್ರಿಕ್ ಬೈಪಾಸ್) ಆದವರಿಗೆ ಸಕ್ಕರೆಯಿಂದ ಬೆವರು, ಎದೆಬಡಿತ, ಭೇದಿಯೂ ಆದೀತು.

ವಿಟಮಿನ್ ಮಾತ್ರೆ ಜೀವನಪರ್ಯಂತ. ಕಬ್ಬಿಣ ಮತ್ತು ಕ್ಯಾಲ್ಸಿಯಂ ನಡುವೆ ಎರಡು ಗಂಟೆ ಅಂತರವಿರಲಿ, ಕ್ಯಾಲ್ಸಿಯಂ ಕಬ್ಬಿಣವನ್ನು ದೇಹ ಹೀರಿಕೊಳ್ಳದಂತೆ ತಡೆಯುತ್ತದೆ. ತೂಕ ವಾರಕ್ಕೊಮ್ಮೆ, ಬೆಳಿಗ್ಗೆ ಬರಿಹೊಟ್ಟೆಯಲ್ಲಿ ನೋಡಿ. ಎರಡು-ಮೂರು ಕಿಲೋ ಏರಿ ಇಳಿಯದಿದ್ದರೆ ಡಯಟಿಷಿಯನ್ ಬಳಿ ಹೋಗಿ, ಹತ್ತು ಕಿಲೋ ಆಗುವವರೆಗೆ ಕಾಯಬೇಡಿ.