ಭಜನೆಯಲ್ಲಿ ಎಲ್ಲರ ದನಿ ಸೇರಬೇಕಾದರೆ

ನಮ್ಮೂರಿನ ಭಜನಾ ಮಂದಿರದಲ್ಲಿ ಶನಿವಾರದ ಭಜನೆ ನಡೆಸುವ ಸೇವೆ ಬಹಳ ವರ್ಷಗಳಿಂದ ನನ್ನ ಪಾಲಿಗೆ ಬಂದಿದೆ. ಕರಾವಳಿಯವರಿಗೆ ಇದರ ಕ್ರಮ ಗೊತ್ತೇ ಇದೆ. ಗಣಪತಿ ಸ್ತುತಿಯಿಂದ ಶುರು, ಒಂದೊಂದಾಗಿ ದೇವರನಾಮ, ಕೊನೆಗೆ ಮಂಗಳ, ಆಮೇಲೆ ಪಂಚಕಜ್ಜಾಯ ಪ್ರಸಾದ. ಆದರೆ ನಾಲ್ಕು ಜನ ಹಾಡಿ ಉಳಿದವರು ಸುಮ್ನೆ ಕೂತು ಕೇಳಿದರೆ ಅದು ಸಂಗೀತ ಕಚೇರಿ ಆಗುತ್ತದೆ. ಬಂದವರೆಲ್ಲ ಬಾಯಿಬಿಟ್ಟು ದೇವರ ಹೆಸರು ಹೇಳಬೇಕು, ಅದಕ್ಕಾಗಿಯೇ ನನ್ನ ಪೇಟಿ, ಅಂದರೆ ಹಾರ್ಮೋನಿಯಂ.

ಮೊದಲ ತೊಡಕು ಶ್ರುತಿಯದು, ಅಂದರೆ ಹಾಡಿಗೆ ಹಿಡಿಯುವ ಆಧಾರ ಸ್ವರದ್ದು. ಪೇಟಿಯ ಮನೆಗಳ ಎಣಿಕೆಯಲ್ಲಿ ಗಂಡಸರಿಗೆ ಸಾಮಾನ್ಯವಾಗಿ ಒಂದು, ಒಂದೂವರೆ ಮನೆ ಸರಿಹೋಗುತ್ತದೆ, ಹೆಂಗಸರಿಗೆ ಐದು, ಐದೂವರೆ. ಒಂದೂವರೆಗೆ ಹಿಡಿದರೆ ಮೇಲಿನ ಷಡ್ಜಕ್ಕೆ (ಸ) ಹೋಗುವಾಗ ಹೆಂಗಸರ ಗಂಟಲು ಎಳೆಯುತ್ತದೆ, ಐದಕ್ಕೆ ಹಿಡಿದರೆ ಗಂಡಸರಿಗೂ ಅದೇ ಕಷ್ಟ. ನಾನು ಒಂದೂವರೆಗೇ ಹಿಡಿದು, ಪಲ್ಲವಿ ಪಂಚಮ (ಪ), ಹೆಚ್ಚೆಂದರೆ ಧೈವತ (ದ) ದಾಟದಂಥ ಧಾಟಿಗಳನ್ನೇ ಆರಿಸುತ್ತೇನೆ. ಚರಣ ಮೇಲೆ ಹೋದರೂ ಪರವಾಗಿಲ್ಲ, ಅದನ್ನು ಹೇಳಿಕೊಡುವವರು ಒಬ್ಬರೇ ಹಾಡಿದರೆ ಸಾಕು, ಪಲ್ಲವಿಗೆ ಬಂದಾಗ ಎಲ್ಲರೂ ಸೇರುತ್ತಾರೆ. ಪುರಂದರದಾಸರು (1484–1564), ಕನಕದಾಸರು ಪದ ಕಟ್ಟಿದ ರೀತಿಯೇ ಹಾಗಿದೆ ಅಲ್ವಾ, ಪ್ರತಿ ಚರಣ ಮುಗಿದಾಗಲೂ ಪಲ್ಲವಿ ತಿರುಗಿ ಬರುತ್ತದೆ, ಅಕ್ಷರ ಬಾರದವರಿಗೂ ಎರಡನೇ ಸುತ್ತಿಗೆ ಬಾಯಿಗೆ ಬಂದಿರುತ್ತದೆ.

ಇನ್ನು ತಾಳ. ಹೆಚ್ಚಿನ ಪದಗಳು ಎಂಟಕ್ಷರದ ಆದಿತಾಳಕ್ಕೆ ಕೂರುತ್ತವೆ, ಲೆಕ್ಕ ಕಷ್ಟವಲ್ಲ. ಕಷ್ಟ ಇರುವುದು ಓಟದಲ್ಲಿ. ಹುಮ್ಮಸ್ಸು ಬಂದಂತೆ ತಾಳ ಹಾಕುವವರ ಕೈ ಓಡುತ್ತದೆ, ಹಿಂದೆ ಕೂತ ಅಜ್ಜಿಯಂದಿರಿಗೆ ಉಸಿರು ಸಾಲದೆ ದನಿ ನಿಂತುಹೋಗುತ್ತದೆ. ಅದಕ್ಕೇ ತಾಳ ಹಾಕುವವರನ್ನು ನನ್ನ ಎದುರಿಗೇ ಕೂರಿಸುತ್ತೇನೆ, ಕಣ್ಣಲ್ಲೇ ಹೇಳಿಬಿಡಬಹುದು. ಎರಡು ತಾಳದ ಬಿಲ್ಲೆಗಳ ಅಂಚನ್ನು ಮೆಲ್ಲಗೆ ತಾಗಿಸಿ ಕೂಡಲೇ ಒತ್ತಿ ಹಿಡಿದರೆ ಸದ್ದು ಚಿಕ್ಕದಾಗುತ್ತದೆ, ಮಾತು ಕೇಳಿಸುತ್ತದೆ.

ಶ್ರುತಿ ಸೇರದವರನ್ನು ಏನು ಮಾಡುತ್ತೀರಿ ಅಂತ ತುಂಬ ಜನ ಕೇಳುತ್ತಾರೆ. ದೇವರ ಮುಂದೆ ಯಾರಿಗೂ ಹಾಡಬೇಡಿ ಅಂತ ಹೇಳಲು ನನಗೆ ಮನಸ್ಸಿಲ್ಲ. ಅವರನ್ನು ಗಟ್ಟಿ ದನಿಯವರ ಪಕ್ಕ ಕೂರಿಸುತ್ತೇನೆ, ಮೈಕು ಸ್ವಲ್ಪ ದೂರ ಇಡುತ್ತೇನೆ. ಕೆಲವು ತಿಂಗಳಲ್ಲಿ ಕಿವಿ ತಾನಾಗಿ ಪಳಗುತ್ತದೆ. ಪಳಗದೇ ಇದ್ದರೂ ಅವರು ಬರುತ್ತಾರಲ್ಲ, ಅದು ದೊಡ್ಡದು.

ನಂಬಿಕೆ ಎಂದರೇನು ಅಂತ ನನಗೆ ಚೆನ್ನಾಗಿ ಕಂಡದ್ದು ಏಕಾಹದಲ್ಲಿ. ಸೂರ್ಯೋದಯಕ್ಕೆ ದೀಪ ಹಚ್ಚಿದರೆ ಮರುದಿನದ ಸೂರ್ಯೋದಯದವರೆಗೆ ದೀಪವೂ ಆರಬಾರದು, ನಾಮವೂ ನಿಲ್ಲಬಾರದು. ತಂಡ ಬದಲಾಗುವ ಹೊತ್ತು ಸೂಕ್ಷ್ಮ. ಹೊಸಬರು ಬಂದು ಹಳಬರ ಪಕ್ಕ ಕೂತು, ಅದೇ ಶ್ರುತಿಯಲ್ಲಿ ಅದೇ ನಾಮ ಎರಡು ಸುತ್ತು ಜೊತೆಗೆ ಹೇಳಿದ ಮೇಲೆ ಹಳಬರು ಮೆಲ್ಲಗೆ ಏಳಬೇಕು, ತಾಳ ಕೈಯಿಂದ ಕೈಗೆ ದಾಟಬೇಕು. ರಾತ್ರಿ ಮೂರರ ಹೊತ್ತಿಗೆ ಉಳಿಯುವವರು ಐದಾರು ಜನ, ಗಂಟಲು ಕಟ್ಟಿರುತ್ತದೆ, ರಾಗದ ಸೊಗಸು ಹುಡುಕಿದರೂ ಸಿಗದು. ಆಗ ನಾನು ಹೊಸ ಪದ ಎತ್ತಿಕೊಳ್ಳುವುದಿಲ್ಲ. ಮೂರೇ ಸ್ವರದಲ್ಲಿ ಓಡಾಡುವ ಒಂದು ನಾಮ ಹಿಡಿದು ತಗ್ಗಿನಲ್ಲೇ ಹೇಳಿಸುತ್ತೇನೆ. ಕೇಳುವವರು ಯಾರೂ ಇರುವುದಿಲ್ಲ, ಆದರೂ ಒಬ್ಬರೂ ನಿಲ್ಲಿಸುವುದಿಲ್ಲ. ಬೆಳಗಿನ ಜಾವಕ್ಕೆ ಭೌಳಿ ರಾಗ ಎತ್ತಿಕೊಂಡರೆ ಅದೇ ದಣಿದ ದನಿಗಳು ಮತ್ತೆ ಏಳುತ್ತವೆ, ಆ ಹೊತ್ತಿನಲ್ಲಿ ರಾಗ ಮಾಡುವ ಉಪಕಾರ ದೊಡ್ಡದು.

ಹೊಸ ಪದ ಕಲಿಸುವಾಗ ಮೊದಲು ಅರ್ಥವನ್ನು ನಮ್ಮ ಮಾತಿನಲ್ಲೇ ಎರಡು ವಾಕ್ಯ ಹೇಳುತ್ತೇನೆ. ಅರ್ಥ ತಿಳಿದ ಮೇಲೆ ಮಕ್ಕಳ ಹಾಡಿನಲ್ಲಿ ಒತ್ತು ಬೀಳುವ ಜಾಗವೇ ಬದಲಾಗುತ್ತದೆ, ಇದನ್ನು ಮತ್ತೆ ಮತ್ತೆ ಕಂಡಿದ್ದೇನೆ. ಕೊನೆಯಲ್ಲಿ ಅಂಕಿತ, ಅಂದರೆ ಪದ ಕಟ್ಟಿದವರ ಗುರುತಿನ ಹೆಸರು, ಬಂದಾಗ ವೇಗ ಇಳಿಸುವುದು ನಮ್ಮಲ್ಲಿ ರೂಢಿ. ಪುರಂದರ ವಿಠಲ ಅಂತಲೋ ಕಾಗಿನೆಲೆಯಾದಿಕೇಶವ ಅಂತಲೋ ಕೇಳಿದ ಕೂಡಲೇ ಇದು ಯಾರ ಪದ ಅಂತ ಮಕ್ಕಳೇ ಹೇಳುತ್ತಾರೆ. ನಿಮ್ಮೂರಲ್ಲಿ ಹೊಸದಾಗಿ ಶುರು ಮಾಡುವುದಿದ್ದರೆ ಮೈಕು, ತಬಲಾ ಆಮೇಲೆ ನೋಡಿಕೊಳ್ಳಿ. ಒಂದು ಶ್ರುತಿ ಪೆಟ್ಟಿಗೆ, ಒಂದು ಜೊತೆ ತಾಳ, ಎಲ್ಲರಿಗೂ ಬರುವ ಐದು ಪದ ಇದ್ದರೆ ಈ ಶನಿವಾರವೇ ಕೂರಬಹುದು.