ಅಡಿಕೆ ಹಾಳೆಯಲ್ಲಿ ಹುಟ್ಟಿದ 96 ಅಡಿಯ ದೈತ್ಯ

ನಮ್ಮ ದೈತ್ಯನ ಮೈಮೇಲೆ 1,140 ಚಿಪ್ಪುಗಳಿವೆ. ಅಷ್ಟೂ ಅಡಿಕೆ ಮರದಿಂದ ಕಳಚಿ ಬೀಳುವ ಹಾಳೆಯವು. ಒಂದೊಂದನ್ನೂ ನಾವು ಮೂವರು ಕೈಯಲ್ಲೇ ಕತ್ತರಿಸಿ ಹೊಲಿದದ್ದು.

ಹೊಸನಗರದ ಕಡೆ, ಶರಾವತಿ ಹಿನ್ನೀರಿನ ಅಂಚಿನಲ್ಲಿ ನಮ್ಮ ಊರು. 22 ನಿಮಿಷದ ಕಿರುಚಿತ್ರ ಮಾಡಬೇಕು ಅಂತ ಹೊರಟೆವು. ಕಥೆ ಸರಳ. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಆದಾಗ ಮುಳುಗಿದ ಊರೊಂದರ ತಳದಿಂದ, ಚಿಪ್ಪುಹಂದಿಯ ಹಾಗಿರುವ ದೊಡ್ಡ ಪ್ರಾಣಿ ಎದ್ದು ಬರುತ್ತದೆ. ಕೈಯಲ್ಲಿ ಇದ್ದದ್ದು ಎರಡು ಫೋನು, ಒಂದು ಹಳೆಯ ಲ್ಯಾಪ್‌ಟಾಪ್, 14 ಸಾವಿರ ರೂಪಾಯಿ.

ಮೊದಲು ಕಂಪ್ಯೂಟರಿನಲ್ಲೇ ಮಾಡೋಣ ಅಂತ ಮೂರು ತಿಂಗಳು ಹೆಣಗಿದೆವು. ಆಕಾರ ಬಂತು, ತೂಕ ಬರಲಿಲ್ಲ. ಕಾಲಿಟ್ಟರೆ ನೆಲಕ್ಕೆ ತಾಗಿದ ಹಾಗೇ ಅನ್ನಿಸುತ್ತಿರಲಿಲ್ಲ.

ದಾರಿ ತೋರಿಸಿದ್ದು ನಮ್ಮ ದೊಡ್ಡಪ್ಪ. ಇಪ್ಪತ್ತು ವರ್ಷ ಯಕ್ಷಗಾನ ಮೇಳದಲ್ಲಿ ಬಣ್ಣದ ವೇಷ, ಅಂದರೆ ರಾಕ್ಷಸನ ಪಾತ್ರ ಮಾಡಿದವರು. ನಮ್ಮ ವಿಡಿಯೋ ನೋಡಿ, "ಮಾರಾಯ, ರಾಕ್ಷಸನ್ನ ಬಂದ ಕೂಡಲೇ ಪೂರ್ತಿ ತೋರಿಸಿಬಿಟ್ರೆ ಆಮೇಲೆ ತೋರಿಸೋದಕ್ಕೆ ಏನಿದೆ? ನಾವು ತೆರೆ ಹಿಡೀತಿದ್ದದ್ದು ಯಾಕೆ ಅಂದ್ಕೊಂಡಿದ್ದೀಯ?" ಅಂದರು. ನಿಜ ಅಲ್ವಾ? ಯಕ್ಷಗಾನದಲ್ಲಿ ಬಣ್ಣದ ವೇಷ ಬರುವಾಗ ತೆರೆಯ ಮೇಲೆ ಕಿರೀಟದ ತುದಿ ಕಾಣುತ್ತದೆ, ಕೆಳಗೆ ಪಾದ ಕಾಣುತ್ತದೆ. ನಡುವಿನ ರಾಕ್ಷಸನನ್ನು ಚೆಂಡೆಯ ಪೆಟ್ಟಿಗೆ ನಾವೇ ಮನಸ್ಸಿನಲ್ಲಿ ಕಟ್ಟಿಕೊಳ್ಳುತ್ತೇವೆ. ಅವತ್ತೇ ಚಿತ್ರಕಥೆ ತಿದ್ದಿದೆ. ಮೊದಲ 13 ನಿಮಿಷ ಪಾದ, ಬೆನ್ನು, ಬಾಲದ ತುದಿ, ಅಷ್ಟೇ. ಒಳಗೆ ಮನುಷ್ಯ ನಿಲ್ಲುವ ವೇಷವನ್ನೇ ಮಾಡುವುದು ಅಂತಲೂ ಅವತ್ತೇ ತೀರ್ಮಾನವಾಯಿತು.

ಚರ್ಮಕ್ಕೆ ಪಕ್ಕದ ತೋಟದ ರಬ್ಬರ್ ಹಾಲು. ಬೆಳಿಗ್ಗೆ ಟ್ಯಾಪಿಂಗ್ ಮಾಡಿ ತಂದ ಹಾಲು ಕೆಲವೇ ಗಂಟೆಗಳಲ್ಲಿ ಹೆಪ್ಪುಗಟ್ಟುತ್ತದೆ. ಸ್ವಲ್ಪ ಅಮೋನಿಯ ಸೇರಿಸಿದರೆ ಉಳಿಯುತ್ತದೆ. ಇದನ್ನು ಬಯಲಲ್ಲೇ ಮಾಡಿ, ಕಣ್ಣು ಮೂಗು ಉರಿಯುತ್ತದೆ. ಹಳೆಯ ಹತ್ತಿ ಪ್ಯಾಂಟು ಶರ್ಟಿಗೆ ಹಾಸಿಗೆಯ ಫೋಮ್ ತುಂಡು ಹೊಲಿದು, ಬೆನ್ನಿಗೆ ಬೆತ್ತದ ಬಳೆ ಕೊಟ್ಟು, ಅದರ ಮೇಲೆ ಬ್ರಷ್ಷಿನಲ್ಲಿ ಹಾಲು ಹಚ್ಚಿದೆವು. ತೆಳ್ಳಗೆ ಐದು ಪದರ. ಒಂದು ಪೂರ್ತಿ ಒಣಗಿದ ಮೇಲೇ ಇನ್ನೊಂದು. ದಪ್ಪಗೆ ಒಂದೇ ಸಲ ಬಳಿದರೆ ಮೇಲೆ ಒಣಗಿ ಒಳಗೆ ಹಸಿ ಉಳಿಯುತ್ತದೆ.

ಮೊದಲ ವೇಷ ಹಾಳಾದದ್ದು ನನ್ನ ಕೈಯಲ್ಲೇ. ಒಣಗಿತು ಅಂತ ಮಡಚಿ ಗೋಣಿಚೀಲಕ್ಕೆ ಹಾಕಿಟ್ಟೆ. ನಾಲ್ಕು ದಿನ ಬಿಟ್ಟು ತೆಗೆದರೆ ತೋಳು ಹೊಟ್ಟೆಗೆ ಅಂಟಿತ್ತು, ಎಳೆದಲ್ಲೆಲ್ಲ ಹರಿಯಿತು. ರಬ್ಬರ್ ಹಾಲಿನ ಪದರ ತನಗೆ ತಾನೇ ಅಂಟಿಕೊಳ್ಳುತ್ತದೆ. ಒಣಗಿದ ತಕ್ಷಣ ಒಳಗೂ ಹೊರಗೂ ಮುಖಕ್ಕೆ ಹಚ್ಚುವ ಪೌಡರ್ ಸವರಬೇಕು, ಮಡಚದೆ ನೇತು ಹಾಕಬೇಕು. ಹನ್ನೊಂದು ದಿನದ ಕೆಲಸ ಹೋಯಿತು. ಆ ರಾತ್ರಿ ನನಗೆ ಊಟ ಸೇರಲಿಲ್ಲ.

ಚಿಪ್ಪಿನ ಕೆಲಸ ಮಾತ್ರ ನನಗೆ ಎಲ್ಲಕ್ಕಿಂತ ಇಷ್ಟವಾದದ್ದು. ಬೇಸಿಗೆಯಲ್ಲಿ ಬಿದ್ದ ಹಾಳೆಯನ್ನು ಕೊಟ್ಟಿಗೆಯಲ್ಲಿ ಪೇರಿಸಿಟ್ಟಿದ್ದೆವು. ರಾತ್ರಿ ನೀರಲ್ಲಿ ನೆನೆಹಾಕಿದರೆ ಬೆಳಿಗ್ಗೆ ಚರ್ಮದ ಹಾಗೆ ಮೆತ್ತಗಾಗುತ್ತದೆ. ವೀಳ್ಯದೆಲೆಯ ಆಕಾರಕ್ಕೆ ಕತ್ತರಿಸಿ, ಸೋಡಾ ಬಾಟಲಿಯ ಹೊಟ್ಟೆಗೆ ಸುತ್ತಿ ದಾರ ಕಟ್ಟಿ ಬಿಸಿಲಿಗಿಟ್ಟರೆ ಅದೇ ಬಾಗು ನಿಲ್ಲುತ್ತದೆ. ಬಣ್ಣಕ್ಕೆ ದುಡ್ಡು ಖರ್ಚು ಮಾಡಲಿಲ್ಲ. ಅಡಿಕೆ ಬೇಯಿಸಿದ ಚೊಗರು ಇತ್ತು. ಒಂದು ಸಲ ಅದ್ದಿದರೆ ಕೆಂಪು, ಮೂರು ಸಲ ಅದ್ದಿದರೆ ಒಣಗಿದ ರಕ್ತದ ಬಣ್ಣ. ಹಾಳೆಯ ಗೆರೆಗಳಲ್ಲಿ ಚೊಗರು ಇಳಿದು, ಪ್ರತಿ ಚಿಪ್ಪಿಗೂ ಉಗುರಿನ ಹಾಗೆ ಸಣ್ಣ ಏರು ತಗ್ಗು ಕಾಣುತ್ತದೆ. ಯಾವ ಪೇಂಟಿನಲ್ಲೂ ಅದು ಬರುವುದಿಲ್ಲ. ದಬ್ಬಳ, ಗೋಣಿದಾರ ಹಿಡಿದು, ಮಾಡಿಗೆ ಹಂಚು ಹೊದಿಸುವ ಹಾಗೆ ಕೆಳಗಿನಿಂದ ಮೇಲಕ್ಕೆ ಹೊಲಿಯುತ್ತಾ ಬಂದೆವು. ತುದಿ ಮಾತ್ರ ಸಡಿಲ ಬಿಟ್ಟೆವು. ನಡೆದಾಗ ಮೈಯೆಲ್ಲ ಗರಗರ ಅನ್ನುತ್ತದೆ.

ವೇಷ ತೊಟ್ಟರೆ ಎತ್ತರ ಆರು ಅಡಿ. ಅದು 96 ಅಡಿ ಕಾಣಬೇಕಾದರೆ ಸುತ್ತಲಿನ ಊರು ಹದಿನಾರನೇ ಒಂದು ಪಾಲು ಇರಬೇಕು. ಮಂಗಳೂರು ಹಂಚು ಸುಮಾರು 16 ಇಂಚು ಉದ್ದ, ಹಾಗಾಗಿ ನಮ್ಮ ಹಂಚು ಒಂದು ಇಂಚು. ಜೇಡಿಮಣ್ಣಿನಲ್ಲಿ 600 ಮಾಡಿದೆವು. 60 ಅಡಿಯ ಅಡಿಕೆ ಮರ ಇಲ್ಲಿ ಪೌಣೆ ನಾಲ್ಕು ಅಡಿ. ಕಾಂಡಕ್ಕೆ ವಾಟೆ ಬಿದಿರಿನ ಕಡ್ಡಿ, ತಲೆಗೆ ಹಳ್ಳದ ಬದಿಯ ಜರಿಗಿಡದ ಎಲೆ. ಅದು ಬೇಗ ಬಾಡುತ್ತದೆ, ಪಕ್ಕದಲ್ಲೇ ಬಕೆಟ್ ನೀರಲ್ಲಿ ಹೊಸದು ಇಟ್ಟುಕೊಂಡಿರಬೇಕು.

ಇಷ್ಟೆಲ್ಲ ಮಾಡಿಯೂ ಮಾಮೂಲಿ ವೇಗದಲ್ಲಿ ಶೂಟ್ ಮಾಡಿದರೆ ಆಟಿಕೆಯೇ. ದೊಡ್ಡ ವಸ್ತು ಬೀಳುವುದಕ್ಕೆ ಜಾಸ್ತಿ ಹೊತ್ತು ಬೇಕು. ಲೆಕ್ಕ ಹೀಗೆ: ಎಷ್ಟು ಪಟ್ಟು ಚಿಕ್ಕದು ಮಾಡಿದ್ದೀರೋ ಅದರ ವರ್ಗಮೂಲ ತೆಗೆಯಿರಿ. 16ರದ್ದು 4. ಸೆಕೆಂಡಿಗೆ 24 ಫ್ರೇಮಿನ ನಾಲ್ಕು ಪಟ್ಟು 96. ನಮ್ಮ ಫೋನಿನಲ್ಲಿ 120 ಇತ್ತು, ಅದರಲ್ಲೇ ತೆಗೆದೆವು. ಮನೆ ಲೈಟಿನಲ್ಲಿ ತೆಗೆದರೆ ಚಿತ್ರ ಮಿಣುಕುತ್ತದೆ, ಆದ್ದರಿಂದ ಎಲ್ಲವೂ ಅಂಗಳದ ಬಿಸಿಲಲ್ಲಿ. ಕ್ಯಾಮೆರಾ ಯಾವಾಗಲೂ ನೆಲಕ್ಕೆ ಅಂಟಿಕೊಂಡಿರಬೇಕು. ಹಿಂದೆ ಹಸಿ ಸೊಪ್ಪು ಸುಟ್ಟು ತೆಳ್ಳಗೆ ಹೊಗೆ ಬಿಟ್ಟರೆ, ದೂರದ ಗುಡ್ಡ ಮಸುಕಾದ ಹಾಗೆ ದೈತ್ಯನೂ ಮಸುಕಾಗಿ ದೂರ ಹೋಗುತ್ತಾನೆ. ನೀರಿನಿಂದ ಏಳುವ ದೃಶ್ಯ ಮಾತ್ರ ಹೀಗೆ ಮಾಡಲು ಹೋಗಬೇಡಿ. ನೀರಿನ ಹನಿ ಚಿಕ್ಕದಾಗುವುದಿಲ್ಲ, ಗುಟ್ಟು ಬಿಟ್ಟುಕೊಡುತ್ತದೆ. ನಾವು ತಲೆಯೊಂದನ್ನೇ ಫೋನಿನ ಹತ್ತಿರ ಹಿಡಿದು, ದೂರದ ದಡದಲ್ಲಿ ನಿಜವಾದ ಜನರನ್ನು ಓಡಿಸಿದೆವು. ಹತ್ತಿರದ್ದು ದೊಡ್ಡದು ಕಾಣುತ್ತದೆ, ಅಷ್ಟೇ.

ವೇಷದ ಒಳಗೆ ನಿಂತದ್ದು ಅಡಿಕೆ ಗೊನೆ ಕೊಯ್ಯುವ ಕೊನೆಗಾರ ಗೆಳೆಯ. ದಿನಾ ಮರ ಹತ್ತುವವನ ಕಾಲು, ಗಟ್ಟಿ. ಶುರುವಿನಲ್ಲಿ ಅವನು ನಿಧಾನ ನಡೆದ. ವಿಡಿಯೋದಲ್ಲಿ ನಿಂತೇ ಹೋದ ಹಾಗಾಯಿತು, ಯಾಕೆಂದರೆ ಫೋನೇ ಐದು ಪಟ್ಟು ನಿಧಾನ ಮಾಡುತ್ತದೆ. ದೊಡ್ಡಪ್ಪ ಎದ್ದು ಬಂದು ತೋರಿಸಿಕೊಟ್ಟರು. ಮೊದಲು ಪಾದ, ಆಮೇಲೆ ಸೊಂಟದ ಭಾರ, ಕೊನೆಗೆ ತಲೆ, ಆದರೆ ಚುರುಕಾಗಿ. ರಬ್ಬರಿನೊಳಗೆ ಗಾಳಿ ಆಡುವುದಿಲ್ಲ. ಆರು ನಿಮಿಷಕ್ಕಿಂತ ಹೆಚ್ಚು ಬಿಡಲಿಲ್ಲ, ಪ್ರತಿ ಸಲ ತಲೆ ಬಿಚ್ಚಿ ಉಪ್ಪು ಹಾಕಿದ ಮಜ್ಜಿಗೆ ಕೊಟ್ಟೆವು.

ಕೂಗು ಕಡೆಗೆ ಮಾಡಿದ್ದು. 1954ರ ಜಪಾನಿನ ಗಾಡ್ಜಿಲ್ಲಾ ಚಿತ್ರಕ್ಕೆ ಸಂಗೀತಗಾರ ಅಕಿರಾ ಇಫುಕುಬೆ ಡಬಲ್ ಬಾಸ್ ವಾದ್ಯದ ತಂತಿಯನ್ನು ಅಂಟು ಹಚ್ಚಿದ ಚರ್ಮದ ಗ್ಲೋವ್‌ನಿಂದ ಉಜ್ಜಿ ಕೂಗು ತೆಗೆಸಿದ್ದರು. ನಮಗೆ ಸಿಕ್ಕಿದ್ದು ಎಣ್ಣೆ ಡಬ್ಬ. ತಳಕ್ಕೆ ತೂತು ಕೊರೆದು ದಪ್ಪ ಹತ್ತಿ ಹುರಿ ಕಟ್ಟಿ, ಹುರಿಗೆ ರಾಳದ ಪುಡಿ ತಿಕ್ಕಿ, ಬೆರಳಲ್ಲಿ ಬಿಗಿಹಿಡಿದು ಎಳೆದೆವು. ಆ ಸದ್ದನ್ನು ಅರ್ಧ ವೇಗಕ್ಕೆ ಇಳಿಸಿದರೆ ಶ್ರುತಿ ಒಂದು ಸ್ಥಾಯಿ ಕೆಳಗೆ ಹೋಗುತ್ತದೆ. ಅದರ ಅಡಿಗೆ ಚಿಪ್ಪಿನ ಗರಗರ ಸೇರಿಸಿದೆ. ಹೆಡ್‌ಫೋನ್ ಹಾಕಿ ಕೇಳಿಸಿದಾಗ ದೊಡ್ಡಪ್ಪ ಏನೂ ಹೇಳಲಿಲ್ಲ. ಸುಮ್ನೆ ಕೈಯಲ್ಲಿ ತೊಡೆಯ ಮೇಲೆ ಚೆಂಡೆಯ ಪೆಟ್ಟು ಹಾಕತೊಡಗಿದರು. ಆ ಪೆಟ್ಟನ್ನೂ ರೆಕಾರ್ಡ್ ಮಾಡಿಕೊಂಡೆ. ಚಿತ್ರದಲ್ಲಿ ದೈತ್ಯನ ಹೆಜ್ಜೆ ಸದ್ದು ಅದೇ.